ಸುಗಮ ಸಂಗೀತ: ಹುಟ್ಟು ಮತ್ತು ಎಲ್ಲೆಕಟ್ಟು

ಕಳೆದ ವರ್ಷ ಒಂದು ಅಂತರ ಕಾಲೇಜು ಭಾವಗೀತೆ ಸ್ಪರ್ಧೆಯಲ್ಲಿ ನಾನು ಹಾಡಿದೆ. ಬಹುಮಾನ ಬರಲಿಲ್ಲ. ಬಹುಮಾನ ತಪ್ಪಿದವನು ಲೇಖನ ಬರೆಯಹೊರಟಿದ್ದಾನೆಂದು ವಾಚಕರು ನಕ್ಕರೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಬಹುಮಾನ ತಪ್ಪಿದ ಬಗೆಯಲ್ಲಿ ಒಂದು ಪ್ರಶ್ನೆ ಅಡಗಿತ್ತು. ಅದು ನನ್ನನ್ನು ಇಂದಿನವರೆಗೂ ಬಿಟ್ಟಿಲ್ಲ.

ನಾನು ಕೊಂಡಜ್ಜಿಯವನು. ಹೊರಗಿನವರಿಗೆ ನಮ್ಮೂರೆಂದರೆ ಕೆರೆ, ಗುಡ್ಡ ಮತ್ತು ಸ್ಕೌಟ್ಸ್ ಶಿಬಿರ. ನನಗೆ ಅದರೊಡನೆ ಭಜನಾ ಮೇಳವೂ ಸೇರಿದೆ. ನಮ್ಮ ದೊಡ್ಡಪ್ಪನವರು ಅದರಲ್ಲಿ ಏಕತಾರಿ ಹಿಡಿದು ಹಾಡುವವರು. ಅವರಿಂದ ಕಲಿತ ಶಿಶುನಾಳ ಷರೀಫರ ಒಂದು ಪದವನ್ನು ಅವರ ಧಾಟಿಯಲ್ಲಿಯೇ ನಾನು ಸ್ಪರ್ಧೆಯಲ್ಲಿ ಹಾಡಿದೆನು. ಎರಡನೆಯ ನುಡಿ ಮುಗಿಯುವ ಮೊದಲೇ ತೀರ್ಪುಗಾರರೊಬ್ಬರು ಕೈಯೆತ್ತಿ, "ಇದು ತತ್ತ್ವಪದ. ಇಲ್ಲಿ ನಡೆದಿರುವುದು ಭಾವಗೀತೆಯ ಸ್ಪರ್ಧೆ" ಎಂದರು. ನಾನು ಇಳಿದುಬಂದೆ. ನನ್ನ ಬಳಿಕ ನಾಲ್ಕನೆಯವಳಾಗಿ ಬಂದ ವಿದ್ಯಾರ್ಥಿನಿಯೊಬ್ಬಳು ಅದೇ ಷರೀಫರ ಮತ್ತೊಂದು ಪದವನ್ನು, ಹಾರ್ಮೋನಿಯಂ ತಬಲಗಳೊಡನೆ, ಸಿ. ಅಶ್ವಥ್ ಅವರ ಧಾಟಿಯಲ್ಲಿ ಹಾಡಿದಳು. ಆಕೆಗೆ ಎರಡನೆಯ ಬಹುಮಾನ ಬಂದಿತು. ಆಕೆ ಚೆನ್ನಾಗಿಯೇ ಹಾಡಿದಳೆಂಬುದರಲ್ಲಿ ಮಾತಿಲ್ಲ. ಆದರೆ ಕವಿ ಒಬ್ಬನೇ, ಪದದ ಜಾತಿ ಒಂದೇ. ಒಂದು ಎಲ್ಲೆಯ ಹೊರಗೆ, ಇನ್ನೊಂದು ಒಳಗೆ. ಹಾಗಾದರೆ ಆ ಎಲ್ಲೆ ಇರುವುದೆಲ್ಲಿ? ಅದನ್ನು ಎಳೆದವರು ಯಾರು, ಎಂದು?

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. 'ಭಾವಗೀತೆ' ಎಂಬುದು ಸಾಹಿತ್ಯದ ಮಾತು. 'ಸುಗಮ ಸಂಗೀತ' ಎಂಬುದು ಸಂಗೀತದ ಮಾತು. ನಾವು ಸ್ಪರ್ಧೆಯ ಪ್ರಕಟಣೆಗಳಲ್ಲಿ ಒಂದರ ಬದಲು ಇನ್ನೊಂದನ್ನು ಧಾರಾಳವಾಗಿ ಬಳಸುತ್ತೇವೆ. ಭಾವಗೀತೆ ನವೋದಯದ ಕೂಸು. ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಪುಸ್ತಕರೂಪದಲ್ಲಿ ಬಂದುದು ೧೯೨೬ರಲ್ಲಿ, ಬೇಂದ್ರೆಯವರ 'ಗರಿ' ೧೯೩೨ರಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ೧೯೪೨ರಲ್ಲಿ. ಇವು ಅಚ್ಚಿನ ಪುಸ್ತಕಗಳು. ಕವಿಗಳು ಸಭೆಗಳಲ್ಲಿ ವಾಚಿಸುತ್ತಿದ್ದರು, ಬೇಂದ್ರೆಯಂಥವರು ಹಾಡಿಯೂ ಹಾಡುತ್ತಿದ್ದರು. ಆದರೆ ಕವಿತೆಗೆ ಇನ್ನೊಬ್ಬನು ರಾಗ ಕಟ್ಟಿ, ಮೂರನೆಯವನು ಹಾಡಿ, ನಾಡೆಲ್ಲ ಅದೇ ಧಾಟಿಯಲ್ಲಿ ಗುನುಗುವ ಪದ್ಧತಿಯು ಆಗ ಇನ್ನೂ ನೆಲೆಗೊಂಡಿರಲಿಲ್ಲ. ಭಾವಗೀತೆಯು ಸುಗಮ ಸಂಗೀತಕ್ಕೆ ಹಿರಿಯಕ್ಕನೆನ್ನಬಹುದು. ಇಬ್ಬರನ್ನೂ ಒಬ್ಬಳೆಂದು ತಿಳಿಯಲಾಗದು.

'ಸುಗಮ ಸಂಗೀತ'ವೆಂಬ ಹೆಸರಾದರೋ ಕವಿಗಳೂ ಗಾಯಕರೂ ಕೂಡಿ ಇಟ್ಟ ಹೆಸರಲ್ಲ. ಅದು ರೇಡಿಯೋ ಕಚೇರಿಯಿಂದ ಹರಡಿದ ಹೆಸರು. ೧೯೫೨ರಲ್ಲಿ ಬಿ.ವಿ. ಕೇಸ್ಕರರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದರು. ಅವರಿಗೆ ಚಲನಚಿತ್ರದ ಹಾಡೆಂದರೆ ಆಗದು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಹೆಚ್ಚುಕಡಮೆ ಮಾಯವಾದವು. ಕೇಳುಗರು ಸುಮ್ಮನಿದ್ದಾರೆಯೇ? ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಕಡೆಗೆ ೧೯೫೭ರ ಅಕ್ಟೋಬರಿನಲ್ಲಿ 'ವಿವಿಧ ಭಾರತಿ'ಯನ್ನು ತೆರೆದು ಸರ್ಕಾರವೇ ಚಿತ್ರಗೀತೆಗಳನ್ನು ಒಳಕ್ಕೆ ಕರೆದುಕೊಳ್ಳಬೇಕಾಯಿತು. ಈ ನಡುವೆ, ಚಿತ್ರಗೀತೆ ಬಿಟ್ಟುಹೋದ ಜಾಗವನ್ನು ತುಂಬಲು ಶಾಸ್ತ್ರೀಯವೂ ಅಲ್ಲದ, ಸಿನಿಮಾವೂ ಅಲ್ಲದ ಹಗುರವಾದ ಸಂಗೀತವೊಂದು ಬೇಕಾಗಿತ್ತು. ಆಕಾಶವಾಣಿ ಅದಕ್ಕಾಗಿಯೇ ಘಟಕಗಳನ್ನು ತೆರೆಯಿತು. ಮಾತು ಒಳ್ಳೆಯ ಕವಿಯದು, ಧಾಟಿ ಹೊಸದು, ಕಾಲ ಮೂರು ನಾಲ್ಕು ನಿಮಿಷ. ಇದಕ್ಕೆ ಅಂಟಿದ ಚೀಟಿಯೇ ಲಘು ಸಂಗೀತ, ಸುಗಮ ಸಂಗೀತ. ಧಾರವಾಡ ಕೇಂದ್ರ ೧೯೫೦ರಲ್ಲಿಯೂ ಬೆಂಗಳೂರು ಕೇಂದ್ರ ೧೯೫೫ರಲ್ಲಿಯೂ ಕೆಲಸ ತೊಡಗಿದ್ದವು. ನಮ್ಮ ಕಡೆಯವರಿಗೆ ಸಮೀಪದ ಭದ್ರಾವತಿ ಕೇಂದ್ರ ಬಂದುದು ೧೯೬೫ರಲ್ಲಿ. ಮಂತ್ರಿಯೊಬ್ಬರ ಮಡಿವಂತಿಕೆಯಿಂದ ಕನ್ನಡ ಕವಿತೆಗೆ ಇಷ್ಟು ಉಪಕಾರವಾದುದು ವಿನೋದವೇ ಸರಿ.

ಹೀಗೆ ಹೆಸರು ಹೊರಗಿನಿಂದ ಬಂದು ಅಂಟಿಕೊಳ್ಳುವುದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಹಾಸ್ಟೆಲಿನಲ್ಲಿ ನನ್ನ ಕೊಠಡಿಯ ಗೆಳೆಯನು ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದ ಪರಮಭಕ್ತ. ಆ ಗದ್ದಲದಲ್ಲಿ ನನ್ನ ಓದು ಹೇಗೆ ಸಾಗಿತೆಂಬುದು ಬೇರೆಯೇ ಪುರಾಣ. ನನ್ನ ಸ್ಪರ್ಧೆಯ ಕತೆ ಕೇಳಿ ಅವನು, "ನಮ್ಮಲ್ಲೂ ಇದೇ ಜಗಳ ನಲವತ್ತು ವರ್ಷಕ್ಕಿಂತ ಹೆಚ್ಚಾಗಿ ನಡೀತಾ ಇದೆ" ಎಂದನು. ಅವನು ಹೇಳಿದ್ದನ್ನು ಪುಸ್ತಕಗಳಲ್ಲಿಯೂ ನೋಡಿ ಖಚಿತಪಡಿಸಿಕೊಂಡೆ. ೧೯೭೯ರ ಮೇ ತಿಂಗಳಲ್ಲಿ ಲಂಡನ್ನಿನ 'ಮ್ಯೂಸಿಕ್ ಮೆಷೀನ್' ಎಂಬ ಸಭಾಂಗಣದಲ್ಲಿ ಏಂಜಲ್ ವಿಚ್, ಐರನ್ ಮೇಡನ್, ಸ್ಯಾಮ್ಸನ್ ಎಂಬ ಮೂರು ತಂಡಗಳು ಒಂದೇ ರಾತ್ರಿ ನುಡಿಸಿದವು. 'ಸೌಂಡ್ಸ್' ಎಂಬ ವಾರಪತ್ರಿಕೆಗೆ ಜೆಫ್ ಬಾರ್ಟನ್ ಎಂಬವರು ಅದರ ವರದಿ ಬರೆದರು. ಅದರ ತಲೆಬರಹದಲ್ಲಿ 'ಬ್ರಿಟಿಷ್ ಹೆವಿ ಮೆಟಲಿನ ಹೊಸ ಅಲೆ' ಎಂಬ ಮಾತು ಅಚ್ಚಾಯಿತು. ಅದು ಸಂಪಾದಕ ಆಲನ್ ಲೂಯಿಸರ ಕಾಣಿಕೆ. ಅಂದಿನಿಂದ ಅದೊಂದು ಚಳವಳಿಯಾಯಿತು! ಆದರೆ ಐರನ್ ಮೇಡನ್ ತಂಡ ಹುಟ್ಟಿದುದು ಅದಕ್ಕೂ ನಾಲ್ಕು ವರ್ಷ ಮೊದಲು, ೧೯೭೫ರಲ್ಲಿ. ಬ್ಲ್ಯಾಕ್ ಸಬತ್ ತಂಡದ ಮೊದಲ ಧ್ವನಿಮುದ್ರಿಕೆ ೧೯೭೦ರದು, ಜೂಡಸ್ ಪ್ರೀಸ್ಟ್ ತಂಡದ್ದು ೧೯೭೪ರದು. ಇವರು ಅಲೆಯ ಒಳಗೋ ಹೊರಗೋ? ಹೊರಗೆಂದು ಬಹುಮಂದಿಯ ಅಭಿಪ್ರಾಯ. ಏಕೆಂದರೆ ಹೊಸ ಅಲೆಯವರ ಗುರುತು ಗದ್ದಲದ ಬಗೆಯಲ್ಲಿ ಮಾತ್ರ ಇದ್ದುದಲ್ಲ, ದಾರಿಯಲ್ಲಿಯೂ ಇತ್ತು. ಷೆಫೀಲ್ಡಿನ ಡೆಫ್ ಲೆಪರ್ಡ್ ಹುಡುಗರು ೧೯೭೯ರ ಮೊದಲಲ್ಲಿ ತಮ್ಮದೇ ಹಣದಿಂದ ಪುಟ್ಟ ಮುದ್ರಿಕೆ ತಂದರು. ಐರನ್ ಮೇಡನ್ ಅದೇ ವರ್ಷದ ಕೊನೆಯಲ್ಲಿ ಐದು ಸಾವಿರ ಪ್ರತಿ ಮಾಡಿ ತಾವೇ ಮಾರಿದರು. ದೊಡ್ಡ ಕಂಪನಿಗಳು ಬಳಿಕ ಬಂದವು. ಹುಟ್ಟನ್ನು ಸ್ವರದಲ್ಲಿ ಹುಡುಕುವವರು ೧೯೭೦ಕ್ಕೆ ಹೋಗುತ್ತಾರೆ, ಹೆಸರಿನಲ್ಲಿ ಹುಡುಕುವವರು ೧೯೭೯ರ ಮೇ ತಿಂಗಳಿಗೆ. ದಾರಿಯಲ್ಲಿ ಹುಡುಕುವವರಿಗೆ ಇವೆರಡರ ನಡುವೆ ಎಲ್ಲೋ ಸಿಕ್ಕುತ್ತದೆ.

ಈ ಮೂರು ಬಗೆಯ ಹುಡುಕಾಟವನ್ನು ಮನಸ್ಸಿನಲ್ಲಿಟ್ಟು ನಮ್ಮ ಮನೆಗೆ ಮರಳೋಣ.

ಸ್ವರದಲ್ಲಿ ಹುಡುಕಿದರೆ ನಾವು ನಿಲ್ಲುವುದು ಪಿ. ಕಾಳಿಂಗರಾಯರ ಮುಂದೆ. ೧೯೧೪ರಲ್ಲಿ ಉಡುಪಿಯ ಕಡೆಯ ಆರೂರಿನಲ್ಲಿ ಹುಟ್ಟಿ, ನಾಟಕದ ರಂಗದ ಮೇಲೆ ಹಾಡಿ ಬೆಳೆದು, ಸಿನಿಮಾದಲ್ಲಿಯೂ ದುಡಿದು, ಕಡೆಗೆ ಕನ್ನಡ ಕವಿತೆಯನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದವರು ಅವರು. ಜತೆಗೆ ಮೋಹನಕುಮಾರಿ, ಸೋಹನಕುಮಾರಿಯರ ಕಂಠ. ಕುವೆಂಪು, ಬೇಂದ್ರೆ, ಡಿ.ವಿ.ಜಿ., ರಾಜರತ್ನಂ, ಎಲ್ಲರೂ ಅವರ ಬಾಯಲ್ಲಿ ಹಾಡಾದರು. ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಬೇರೆ. ಕಾಳಿಂಗರಾಯರು ಅದೇ ವೇದಿಕೆಯಲ್ಲಿ ವಚನವನ್ನೂ ದೇವರನಾಮವನ್ನೂ ಕುಣಿಗಲು ಕೆರೆಯ ಜನಪದ ಹಾಡನ್ನೂ ಹಾಡಿದರು. ಈ ಕಲೆಗೆ ಪಿತಾಮಹನೆಂದು ಎಲ್ಲರೂ ಒಪ್ಪಿದವರ ಬಳಿ ನಮ್ಮ ಸ್ಪರ್ಧೆಯ ಎಲ್ಲೆ ಇರಲೇ ಇಲ್ಲ! ಅವರು ನಮ್ಮ ಸ್ಪರ್ಧೆಗೆ ಬಂದಿದ್ದರೆ ಅರ್ಧದಲ್ಲಿಯೇ ಇಳಿದುಹೋಗಬೇಕಾಗುತ್ತಿತ್ತು. ಅವರು ತೀರಿಕೊಂಡುದು ೧೯೮೧ರಲ್ಲಿ.

ಹೆಸರಿನಲ್ಲಿ ಹುಡುಕಿದರೆ ಐವತ್ತರ ದಶಕದ ಆಕಾಶವಾಣಿ, ಅದನ್ನು ಹೇಳಿಯಾಯಿತು.

ದಾರಿಯಲ್ಲಿ ಹುಡುಕುವವರು ೧೯೭೮ಕ್ಕೆ ಬರುತ್ತಾರೆ. ನಿಸಾರ್ ಅಹಮದರ 'ನಿತ್ಯೋತ್ಸವ' ಕವನಸಂಗ್ರಹ ೧೯೭೬ರಲ್ಲಿ ಬಂದಿತ್ತು. ಎರಡು ವರ್ಷದ ಬಳಿಕ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದೇ ಹೆಸರಿನ ಧ್ವನಿಸುರುಳಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದಕ್ಕೆ ಖ್ಯಾತಿ. ಇದರ ಮಹತ್ತ್ವವನ್ನು ನನ್ನ ಓರಗೆಯವರು ಊಹಿಸಿಕೊಳ್ಳಬೇಕು, ಏಕೆಂದರೆ ನಾವು ಕ್ಯಾಸೆಟ್ಟನ್ನು ಮುಟ್ಟಿದ್ದೇ ಕಡಮೆ. ರೇಡಿಯೋದಲ್ಲಿ ಹಾಡು ಬಂದು ಹೋಗುತ್ತದೆ. ಅವರು ಹಾಕಿದಾಗ ನಾವು ಕೇಳಬೇಕು. ಕ್ಯಾಸೆಟ್ಟಿನಲ್ಲಿ ಹಾಡು ಮನೆಯಲ್ಲಿಯೇ ಇರುತ್ತದೆ. ತಿರುಗಿಸಿ ತಿರುಗಿಸಿ ಕೇಳಬಹುದು, ಕಲಿಯಬಹುದು, ಪಕ್ಕದ ಮನೆಗೆ ಎರವಲು ಕೊಡಬಹುದು. ಗುರುವಿಲ್ಲದೆ ಸಂಗೀತ ಕಲಿಯುವ ಪೀಳಿಗೆಯೊಂದು ಆ ಪುಟ್ಟ ಪೆಟ್ಟಿಗೆಯಿಂದ ಹುಟ್ಟಿತು. ಅದೇ ೧೯೭೮ರ ಸಾಲಿನಲ್ಲಿ 'ಕಾಡು ಕುದುರೆ' ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ದೊರೆತುದೂ ಸೇರಿ, ಎಂಬತ್ತರ ದಶಕಕ್ಕೆ ದಾರಿ ಸಜ್ಜಾಯಿತು. ಆಮೇಲೆ ಅಶ್ವಥ್, ಸುಬ್ಬಣ್ಣ, ಬಿ.ಕೆ. ಸುಮಿತ್ರಾ, ರತ್ನಮಾಲಾ ಪ್ರಕಾಶ್ ಮುಂತಾದವರ ಕಂಠಗಳು ಮನೆಮನೆಗೆ ಬಂದವು. ನನ್ನ ಅಲ್ಪಮತಿಗೆ ತೋರಿದಂತೆ, ಕಾಳಿಂಗರಾಯರು ಬೀಜ ಬಿತ್ತಿದರು, ಆಕಾಶವಾಣಿ ಸಸಿಗೆ ನೀರೆರೆಯಿತು. ಚಳವಳಿಯೆಂದು ಕರೆಯುವಷ್ಟು ಜನ ಕೂಡಿದುದು ಮಾತ್ರ ಕ್ಯಾಸೆಟ್ಟಿನಿಂದಲೇ.

ಇನ್ನು ಎಲ್ಲೆ. ಸಿನಿಮಾದ ಕಡೆಗಿನ ಎಲ್ಲೆಯು ಬೇಲಿಯಲ್ಲ, ಹೊಲದ ಬದು, ಯಾರಾದರೂ ದಾಟಬಹುದು. ೧೯೬೭ರ 'ಬೆಳ್ಳಿ ಮೋಡ' ಚಿತ್ರದಲ್ಲಿಯೇ ಬೇಂದ್ರೆಯವರ ಕವಿತೆ ವಿಜಯಭಾಸ್ಕರರ ಸಂಗೀತದಲ್ಲಿ ಹಾಡಾಗಿ ಬಂದಿತ್ತು. ೧೯೯೨ರಲ್ಲಿ 'ಮೈಸೂರ ಮಲ್ಲಿಗೆ'ಯೇ ಚಲನಚಿತ್ರವಾಯಿತು. ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಹುಟ್ಟಿದ ಎಚ್.ಎಸ್. ವೆಂಕಟೇಶಮೂರ್ತಿಯವರು (೧೯೪೪-೨೦೨೫) ೧೯೯೩ರ 'ಚಿನ್ನಾರಿ ಮುತ್ತ' ಚಿತ್ರಕ್ಕೆ ಬರೆದ ಹಾಡುಗಳನ್ನು ಶಾಲೆಯ ಮಕ್ಕಳು ಸಿನಿಮಾ ಹಾಡೆಂಬ ಪರಿವೆಯೇ ಇಲ್ಲದೆ ಹಾಡುತ್ತಾರೆ. ಅವರು ಧಾರಾವಾಹಿಗಳಿಗೂ ಶೀರ್ಷಿಕೆಗೀತೆ ಬರೆದರು. ರಂಗಗೀತೆಯ ಕಡೆಗೆ ಎಲ್ಲೆ ಇನ್ನೂ ಸ್ಪಷ್ಟ: ಅಲ್ಲಿ ಹಾಡಿಗೆ ಪಾತ್ರವೊಂದು ಬೇಕು, ಸನ್ನಿವೇಶ ಬೇಕು. ಚಿಂದೋಡಿ ಲೀಲಾ ಅವರ ದಾವಣಗೆರೆಯಲ್ಲಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಷ್ಟವಿರುವುದು ತತ್ತ್ವಪದದ ಕಡೆಗಿನ ಎಲ್ಲೆಯಲ್ಲಿ. ನಾನು ಮುಗ್ಗರಿಸಿದುದು ಅಲ್ಲಿಯೇ.

ಷರೀಫರು (೧೮೧೯-೧೮೮೯) ನವೋದಯದ ಕವಿಯಲ್ಲ. ಅವರ ಪದಗಳು ಅಚ್ಚಿನ ಮನೆಯಲ್ಲಿ ಹುಟ್ಟಿದುವಲ್ಲ. ಅವು ಬಾಯಿಂದ ಬಾಯಿಗೆ ಬಂದು, ಬಹುಕಾಲದ ಮೇಲೆ ಪುಸ್ತಕ ಸೇರಿದವು. ಆ ಲೆಕ್ಕದಲ್ಲಿ ನಮ್ಮ ತೀರ್ಪುಗಾರರ ಮಾತು ಸರಿ. ಆದರೆ ಎಂಬತ್ತರ ದಶಕದಲ್ಲಿ ಅಶ್ವಥ್ ಅವರು ಷರೀಫರ ಪದಗಳಿಗೆ ಹೊಸ ಧಾಟಿ ಕಟ್ಟಿ ಕ್ಯಾಸೆಟ್ಟಿನಲ್ಲಿ ತಂದರು. ೧೯೯೦ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರವೂ ಬಂದಿತು. ಬೆಂಗಳೂರು ಮೈಸೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಷರೀಫರ ಪದ ಮೊದಲು ಕೇಳಿಬಂದುದೇ ಹೀಗೆ. ಆದುದರಿಂದ ಅವರ ಮಟ್ಟಿಗೆ ಷರೀಫರೂ ಭಾವಗೀತೆಯ ಕವಿಯೇ. ಆ ಲೆಕ್ಕದಲ್ಲಿ ಎರಡನೆಯ ಬಹುಮಾನವೂ ಸರಿ.

ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದುದಿಷ್ಟು. ನಮ್ಮ ಮೇಳದಲ್ಲಿ ದೊಡ್ಡಪ್ಪನವರು ಒಂದು ನುಡಿ ಎತ್ತಿಕೊಟ್ಟರೆ ಹಿಮ್ಮೇಳದವರು ಪಲ್ಲವಿಯನ್ನು ಹಿಡಿದು ಮರಳಿ ಹೇಳುತ್ತಾರೆ. ಎಷ್ಟು ಸಲ ಹೇಳಬೇಕೆಂಬುದಕ್ಕೆ ನಿಯಮವಿಲ್ಲ. ದಮ್ಮಡಿಯವನ ಕೈ ಸೋಲುವವರೆಗೆ ಎಂದರೂ ಸಲ್ಲುತ್ತದೆ. ಅಮಾವಾಸ್ಯೆಯ ರಾತ್ರಿ ಹಾಡಿದ ಧಾಟಿ ಮುಂದಿನ ಅಮಾವಾಸ್ಯೆಗೆ ಸ್ವಲ್ಪ ಸರಿದಿರುತ್ತದೆ. ಯಾರ ರಾಗಸಂಯೋಜನೆ ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗದು. ಸುಗಮ ಸಂಗೀತದಲ್ಲಿ ಇದೆಲ್ಲ ತಲೆಕೆಳಗು. ಕವಿತೆ ಅಚ್ಚಾಗಿರುತ್ತದೆ. ಕವಿ ಪಲ್ಲವಿಯೆಂದು ಬರೆಯದಿದ್ದರೂ ಸಂಯೋಜಕನು ಮೊದಲ ನುಡಿಯನ್ನೋ ಸಾಲನ್ನೋ ಪಲ್ಲವಿ ಮಾಡುತ್ತಾನೆ; ಉದ್ದವಾದರೆ ನಡುವಿನ ನುಡಿಗಳನ್ನು ಬಿಡುತ್ತಾನೆ; ನುಡಿನುಡಿಯ ನಡುವೆ ಕೊಳಲು ಪಿಟೀಲುಗಳಿಗೆ ಇಷ್ಟೇ ಎಂದು ಅಳತೆ ಕೊಡುತ್ತಾನೆ. ಒಮ್ಮೆ ಕಟ್ಟಿದ ಧಾಟಿ ಕಟ್ಟಿದ್ದೇ, ಮತ್ತು ಅದಕ್ಕೊಬ್ಬ ಹೆಸರುಳ್ಳ ಒಡೆಯನಿದ್ದಾನೆ. ಆದುದರಿಂದ ಎಲ್ಲೆ ಇರುವುದು ಕವಿಯಲ್ಲಿಯೂ ಅಲ್ಲ, ಪದದಲ್ಲಿಯೂ ಅಲ್ಲ. ಧಾಟಿಗೆ ಒಡೆಯನುಂಟೇ ಇಲ್ಲವೇ ಎಂಬುದರಲ್ಲಿದೆ. ಅದೇ ಪದ ದೊಡ್ಡಪ್ಪನ ಬಾಯಲ್ಲಿ ತತ್ತ್ವಪದ, ಅಶ್ವಥ್ ಬಾಯಲ್ಲಿ ಸುಗಮ ಸಂಗೀತ. ನಮ್ಮ ತೀರ್ಪುಗಾರರು ಸರಿಯಾದ ಗೆರೆಯ ಮೇಲೆಯೇ ನಿಂತಿದ್ದರು. ಕಾರಣ ಮಾತ್ರ ತಪ್ಪು ಹೇಳಿದರು. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಇದಕ್ಕೆ ಸಾಕ್ಷಿ ಬೇಕೆಂದರೆ ನಾಡಗೀತೆಯ ಕತೆಯನ್ನು ನೋಡಬಹುದು. ಕುವೆಂಪು ಅವರ ಕವಿತೆ ೨೦೦೪ರಲ್ಲಿ ಅಧಿಕೃತವಾಗಿ ನಾಡಗೀತೆಯಾಯಿತು. ಕವಿತೆಯ ಬಗ್ಗೆ ತಕರಾರಿಲ್ಲ, ಧಾಟಿ ಯಾವುದು? ಅನಂತಸ್ವಾಮಿಯವರದೋ ಅಶ್ವಥ್ ಅವರದೋ? ಹದಿನೆಂಟು ವರ್ಷ ಚರ್ಚೆ ನಡೆದು, ೨೦೨೨ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು ಆಜ್ಞೆ ಮಾಡಿತು. ಅದು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ತತ್ತ್ವಪದದ ಧಾಟಿಗಾಗಿ ಯಾರಾದರೂ ಕೋರ್ಟಿನ ಮೆಟ್ಟಿಲು ಹತ್ತಿಯಾರೇ? ಒಡೆತನವಿದ್ದಲ್ಲಿ ವ್ಯಾಜ್ಯ.

ಈ ಚಳವಳಿ ಮುಗಿದುದೆಂದು? ಅನಂತಸ್ವಾಮಿಯವರು ೧೯೯೫ರಲ್ಲಿ ತೀರಿಕೊಂಡರು. ೨೦೦೫ರ ಏಪ್ರಿಲ್ ೨೩ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ನಡೆದಾಗ ಲಕ್ಷಕ್ಕೂ ಮಿಕ್ಕಿದ ಜನ ಕೂಡಿದ್ದರೆಂದು ಹೇಳುತ್ತಾರೆ. ಎರಡು ವರ್ಷ ತುಂಬುವ ಮೊದಲೇ, ೨೦೦೭ರ ಮಾರ್ಚ್ ೧೭ರಂದು, ಅದೇ ಮೈದಾನದಲ್ಲಿ ಐರನ್ ಮೇಡನ್ ತಂಡ ಬಂದು ನುಡಿಸಿತು. ನನ್ನ ಗೆಳೆಯನ ಅಣ್ಣ ಎರಡಕ್ಕೂ ಹೋಗಿದ್ದನಂತೆ. ಎರಡರಲ್ಲಿಯೂ ಜನ ಒಂದೇ ಸಮನೆ ಜತೆಗೂಡಿ ಹಾಡಿದರಂತೆ. ಮೂವರು ನಾಲ್ವರು ಕೂತು ಮಾತು ಕೇಳುವಂತೆ ಹಾಡುವುದಕ್ಕೆ ಹುಟ್ಟಿದ ಕಲೆ ಲಕ್ಷ ಜನರ ಮೈದಾನಕ್ಕೆ ಬಂದಾಗ ಗೆದ್ದಿತೋ ಸೋತಿತೋ ಎಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ವಾದ್ಯಗಳ ಅಬ್ಬರದಲ್ಲಿ ಕವಿಯ ಮಾತು ಮುಳುಗುವುದು ನನಗೆ ಹಿಡಿಸದು. ೨೦೦೯ರ ಜನವರಿಯಲ್ಲಿ ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿಯೂ, ಅದೇ ವರ್ಷದ ಡಿಸೆಂಬರ್ ೨೯ರಂದು, ತಮ್ಮ ಹುಟ್ಟಿದ ದಿನವೇ, ಅಶ್ವಥ್ ಅವರೂ ಹೋದರು. ಹಾಡುವವರು ಇಂದಿಗೂ ಇದ್ದಾರೆ, ಕಲಿಸುವವರೂ ಇದ್ದಾರೆ. ಆದರೆ ಹೊಸ ಕವಿತೆ ಬಂದೊಡನೆ ಅದಕ್ಕೆ ಧಾಟಿ ಯಾವಾಗ ಬರುವುದೋ ಎಂದು ನಾಡು ಕಾಯುತ್ತಿದ್ದ ಕಾಲ ಆ ವರ್ಷಕ್ಕೆ ಮುಗಿಯಿತೆಂದು ನಾನು ಗೆರೆ ಎಳೆಯುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ.

ಈ ಲೇಖನದ ಮೊದಲ ಕರಡು ಮುಗಿದಾಗ ಊರಿಗೆ ಹೋಗಿದ್ದೆ. ಹಬ್ಬದ ಮುಂಚಿನ ಸಂಜೆ, ಮೇಳದವರು ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಸಿದ್ಧಾಂತವನ್ನು ದೊಡ್ಡಪ್ಪನವರಿಗೆ ವಿವರಿಸಿದೆ: ನಿಮ್ಮ ಧಾಟಿಗೆ ಒಡೆಯನಿಲ್ಲ, ಅದೇ ಅದರ ಹೆಗ್ಗಳಿಕೆ, ಇತ್ಯಾದಿ. ಅವರು ಎಲ್ಲವನ್ನೂ ಕೇಳಿ, "ಅಲ್ಲೋ ತಮ್ಮಾ, ಷರೀಫಜ್ಜನ ಪದಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ ಬೇಕು?" ಎಂದರು. ಸ್ಪರ್ಧೆಯಲ್ಲಿ ನಾನು ಹಾಡಿದ್ದ ಪದವನ್ನೇ ಹಾಡಿರೆಂದು ಕೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಲು ಸಿದ್ಧನಾದೆ. ಹಿಮ್ಮೇಳದಲ್ಲಿದ್ದ ಹುಡುಗರು ನನಗಿಂತ ಚಿಕ್ಕವರು; ಅವರಿಗೆ ಷರೀಫರು ಪರಿಚಯವಾದುದೇ ಕ್ಯಾಸೆಟ್ಟಿನ ಧಾಟಿಯಲ್ಲಿ, ಈಗ ಫೋನಿನಲ್ಲಿ. ಮೊದಲ ನುಡಿ ಹಳೆಯ ದಾರಿಯಲ್ಲಿಯೇ ನಡೆಯಿತು. ಹುಡುಗರು ಪಲ್ಲವಿ ಹಿಡಿದರು, ತಮಗೆ ಗೊತ್ತಿದ್ದಂತೆ. ಎರಡನೆಯ ನುಡಿಗೆ ಬರುವಾಗ ದೊಡ್ಡಪ್ಪನವರೇ ಅವರ ಹಿಂದೆ ಆ ಧಾಟಿಗೆ ಜಾರಿದರು. ನಾಲ್ಕು ಮಾತು ಹೋದ ಮೇಲೆ ಅವರಿಗೇ ತಿಳಿಯಿತು. ಏಕತಾರಿಯ ಮೇಲೆ ಬೆರಳು ನಿಂತಿತು.

"ತಡೀರೋ, ಇದು ಅವರ್ದು. ನಮ್ದು ಬ್ಯಾರೆ ಐತಿ" ಎಂದು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಮೊದಲಿನಿಂದ ಎತ್ತಿದರು.